ಪಾಲಿಶಕ್ಕನ ಕೈಗೆ ಸಿಕ್ಕ ಮಲಗುವ ಕೋಣೆ

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಮನೆಯ ಮಹಡಿಯ ಮಲಗುವ ಕೋಣೆಯಲ್ಲಿ ಹೆಂಗಸೊಬ್ಬರು ಕೆನ್ನೆಯನ್ನು ನೆಲಕ್ಕೆ ಆನಿಸಿ ಮಲಗಿದ್ದಾರೆ. ನಿದ್ದೆಯಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಮರದ ಹಲಗೆಗಳ ಉದ್ದಕ್ಕೂ ನೋಡುತ್ತಿದ್ದಾರೆ. ಪೂರ್ವದ ಕಿಟಕಿಯಿಂದ ಬಂದ ಮೊದಲ ಬೆಳಕು ನೆಲವನ್ನು ಸವರಿಕೊಂಡು ಹೋಗುತ್ತಿದ್ದಂತೆ, ನಿಂತು ನೋಡಿದರೆ ಕಾಣದ ಗೀರುಗಳೆಲ್ಲ ಒಂದೊಂದಾಗಿ ತಲೆ ಎತ್ತುತ್ತವೆ. ಅವರು ಸೀಮೆಸುಣ್ಣದ ತುಂಡು ಹಿಡಿದು ಪ್ರತಿಯೊಂದಕ್ಕೂ ಗುರುತು ಹಾಕುತ್ತಾ ಸಾಗುತ್ತಾರೆ.

"ಸೂರ್ಯ ಮೇಲೆ ಬಂದ ಅಂದ್ರೆ ಎಲ್ಲ ನೆಲಾನೂ ಚೆನ್ನಾಗೇ ಕಾಣತ್ತೆ. ಸುಳ್ಳು ಹೇಳದ ಬೆಳಕು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ," ಎನ್ನುತ್ತಾ ಎದ್ದು ಕೂರುತ್ತಾರೆ. ಕೆನ್ನೆಗೆ ಅಂಟಿದ ಮರದ ಪುಡಿಯನ್ನು ಒರೆಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಸಂಜೆಯವರೆಗೆ ಅದು ಇನ್ನಷ್ಟು ಸೇರುವುದಿದೆ.

ಈ ಭಾಗದ ಬಡಗಿಗಳು, ಬಣ್ಣ ಬಳಿಯುವವರು, ಮನೆ ರಿಪೇರಿಯ ಮೇಸ್ತ್ರಿಗಳು ಎಲ್ಲರಿಗೂ ಅವರು 'ಪಾಲಿಶಕ್ಕ'. ಹಳೆಯ ಮನೆಗಳ ಮರದ ನೆಲವನ್ನು ಉಜ್ಜಿ, ಬಿರುಕು ತುಂಬಿ, ಎಣ್ಣೆ ಕುಡಿಸಿ ಮತ್ತೆ ಜೀವ ಬರಿಸುವುದು ಅವರ ಕಸುಬು. ಆ ನೆಲಗಳ ಮೇಲೆ ದಿನವೂ ಓಡಾಡುವವರಲ್ಲಿ ಮಾತ್ರ ಹೆಚ್ಚಿನವರಿಗೆ ಅವರ ಪರಿಚಯವಿಲ್ಲ.

ಈ ಮನೆಯನ್ನು ಕೊಂಡವರು ಒಬ್ಬ ಬಸ್ ಡ್ರೈವರ್ ಮತ್ತು ನರ್ಸ್ ಆಗಿರುವ ಅವರ ಹೆಂಡತಿ. ಮಹಡಿಯ ಕೋಣೆಯ ಚಾವಣಿ ವರ್ಷಗಟ್ಟಲೆ ಸೋರಿ, ನೆಲಕ್ಕೆ ಅಂಟಿಸಿದ್ದ ರೆಕ್ಸಿನ್ ಹಾಸಿನ ಅಡಿಯಲ್ಲಿ ಹಲಗೆಗಳು ಕಪ್ಪಾಗಿದ್ದವು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಎಲ್ಲರೂ ಕೆಳಗಿನ ಹಾಲ್‌ನಲ್ಲೇ ಸಾಲಾಗಿ ಮಲಗುತ್ತಿದ್ದಾರೆ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಮರ ಕಿತ್ತು ಬಿಸಾಕಿ, ಟೈಲ್ಸ್ ಹಾಕಿಸಿ.

"ಆಸ್ಪತ್ರೇಲಿ ಇಡೀ ದಿನ ಟೈಲ್ಸ್ ಮೇಲೇ ನಿಂತಿರ್ತೀನಿ," ಎನ್ನುತ್ತಾರೆ ನರ್ಸ್. "ಮನೇಗೆ ಬಂದು ಚಪ್ಪಲಿ ಬಿಟ್ಟ ಮೇಲೂ ಅದೇ ತಣ್ಣಗಿರೋ ನೆಲ ಬೇಡ ಅನ್ನಿಸ್ತು."

ಚಾವಣಿ ರಿಪೇರಿಯಾಗಿದೆ. ಗೋಡೆಗೆ ಹೊಸ ಗಾರೆ, ಬಣ್ಣ ಬಂದಿದೆ. ಬಣ್ಣ ಮೆತ್ತಿಕೊಂಡು ತೆರೆಯಲಾಗದೆ ಹೋಗಿದ್ದ ಕಿಟಕಿಗಳು ಈಗ ಬೆರಳಿಂದ ತಳ್ಳಿದರೆ ಸಾಕು, ತೆರೆಯುತ್ತವೆ. ಉಳಿದ ಕೆಲಸಗಾರರೆಲ್ಲ ಸಾಮಾನು ಕಟ್ಟಿಕೊಂಡು ಹೋದಮೇಲೆ ಪಾಲಿಶಕ್ಕನ ಸರದಿ. ಜೊತೆಗೆ ಕೆಲಸಕ್ಕೆ ನಿಂತಿರುವವರು ಅವರ ನಾದಿನಿ, ಮಾತಿನ ಮಲ್ಲಿ. ಎದ್ದು ನಿಂತ ಮೊಳೆಗಳನ್ನೆಲ್ಲ ಆಕೆ ಉಳಿಯಂಥ ಸಣ್ಣ ಕಬ್ಬಿಣವಿಟ್ಟು ಒಳಕ್ಕೆ ಬಡಿಯುತ್ತಾರೆ. ಒಂದು ಮೊಳೆ ಉಳಿದರೂ ನೆಲ ಹೆರೆಯುವ ಯಂತ್ರದ ಉಜ್ಜುಕಾಗದ ಚಿಂದಿಯಾಗುತ್ತದೆ. "ನಮ್ಮ ಅತ್ತಿಗೆಯ ಬೈಗುಳದ ಮುಂದೆ ಆ ಯಂತ್ರದ ಸದ್ದು ಏನೂ ಅಲ್ಲ, ಅದಕ್ಕೇ ಹುಷಾರಾಗಿರ್ತೀನಿ," ಎಂದು ಕೆಲಸ ನೋಡಲು ಬಂದ ನನ್ನ ಕಿವಿಯಲ್ಲಿ ಹೇಳುತ್ತಾರೆ, ಅತ್ತಿಗೆಗೂ ಕೇಳುವ ಹಾಗೆ.

ಯಂತ್ರ ಮೊದಲು ಪಾಲಿಶಕ್ಕನ ಗಂಡನದಾಗಿತ್ತು. ಅವರು ಹೆಸರಾದ ಕೆಲಸಗಾರ. ಪಾಲಿಶಕ್ಕ ಆಗ ಬಿರುಕು ತುಂಬುವುದು, ಗುಡಿಸಿ ಒರೆಸುವುದು, ಇಷ್ಟನ್ನೇ ಮಾಡುತ್ತಿದ್ದರು. ಒಂದು ದಿನ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಒಪ್ಪಿಕೊಂಡಿದ್ದ ಒಂದು ಮನೆಯ ಕೆಲಸ ಅರ್ಧಕ್ಕೆ ನಿಂತಿತ್ತು. ಪಾಲಿಶಕ್ಕ ಯಾರಿಗೂ ಹೇಳದೆ ಯಂತ್ರ ಹಿಡಿದು ಹೊರಟರು. ಓಡುವ ಯಂತ್ರವನ್ನು ಅರೆಕ್ಷಣ ಒಂದೇ ಕಡೆ ನಿಲ್ಲಿಸಿದ್ದಷ್ಟೇ, ನೆಲದಲ್ಲಿ ಬೋಗುಣಿಯಂಥ ತಗ್ಗು ಬಿತ್ತು.

"ಮನೆ ಯಜಮಾನ 'ನಿನ್ನ ಗಂಡನ್ನ ಕರ್ಕೊಂಡು ಬಾ' ಅಂದ. ಅವ್ರು ಬರೋ ಹಾಗಿದ್ರೆ ನಾನ್ಯಾಕೆ ಬರ್ತಿದ್ದೆ? ಯಂತ್ರ ಎತ್ಕೊಂಡು ಹೊರಟೆ. ಮನೇಗೆ ಬಂದು ನಮ್ಮನೆಯವ್ರ ಮುಂದೆ ಕೂತು ಅತ್ತೆ. ಅವ್ರು ಎಡಗೈಯಲ್ಲಿ ಯಂತ್ರ ತೋರಿಸಿ, ಒಂದೊಂದೇ ಮಾತು ಕೂಡಿಸಿ ಹೇಳಿದ್ರು. 'ನಿಲ್ಬೇಕು ಅನ್ಸಿದ್ರೆ, ಮೊದ್ಲು, ಅದನ್ನ ಎತ್ತು.' ಅಷ್ಟೇ ನನ್ನ ಪಾಠ."

ವಿದ್ಯುತ್ ಸಂಪರ್ಕವಿಲ್ಲದ ಯಂತ್ರವನ್ನು ಮನೆಯ ಪಡಸಾಲೆಯಲ್ಲಿ ಹಿಂದೆ ಮುಂದೆ ತಳ್ಳಿ ಅಭ್ಯಾಸ ಮಾಡಿದರು. ಆ ತಗ್ಗಿದ್ದ ನೆಲವನ್ನು ಮೊಣಕಾಲೂರಿ, ಕೈಯಿಂದಲೇ ಹೆರೆದು ಸಮ ಮಾಡಿ ಮುಗಿಸಿದರು. ಅದೇ ಯಜಮಾನ ಮುಂದೆ ತನ್ನ ತಂಗಿಯ ಮನೆಯ ಕೆಲಸಕ್ಕೂ ಅವರನ್ನೇ ಕರೆದ.

ಈ ಕೋಣೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಯಂತ್ರದ ಕೆಲಸ ಮುಗಿದಾಗ ಇಡೀ ನೆಲ ಜೇನಿನ ಬಣ್ಣಕ್ಕೆ ತಿರುಗಿದೆ, ನಟ್ಟನಡುವಿನ ಎರಡು ಹಲಗೆಗಳನ್ನು ಬಿಟ್ಟು. ಅವು ಹಾಗೇ ಕಪ್ಪಗಿವೆ.

"ಇನ್ನೊಂದ್ಸಲ ಹೊಡೀರಿ ಅತ್ತಿಗೆ, ಕಲೆ ಹೋಗತ್ತೆ," ಎನ್ನುತ್ತಾರೆ ನಾದಿನಿ.

"ಹೋಗತ್ತೆ. ಅದರ ಜೊತೆ ಹಲಗೆನೂ ಹೋಗತ್ತೆ."

ಡ್ಯೂಟಿಗೆ ಹೊರಟಿದ್ದ ಡ್ರೈವರ್ ಬಾಗಿಲಲ್ಲಿ ನಿಂತು ಸಮಾಧಾನ ಹೇಳುತ್ತಾರೆ. "ಬಿಡಿ ಅಕ್ಕ, ಹೇಗಿದ್ರೂ ಮೇಲೆ ಮಂಚ ಬರತ್ತೆ. ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ," ಎನ್ನುತ್ತಾರೆ ಪಾಲಿಶಕ್ಕ.

ಆಮೇಲೆ ಕೋಣೆಯನ್ನು ಸುತ್ತುತ್ತಾರೆ. ಕೊನೆಗೆ ಗೋಡೆಯ ದೊಡ್ಡ ಬೀರುವಿನ ಬಾಗಿಲು ತೆಗೆದು, ಒಳಗೆ ತಲೆ ಹಾಕಿ, ನೆಲ ತಟ್ಟುತ್ತಾರೆ. ಅದೇ ಮರ, ಅದೇ ಅಗಲ. ನೀರು, ಬಿಸಿಲು ಎರಡೂ ಮುಟ್ಟದ ಹಲಗೆಗಳು.

ಅವುಗಳನ್ನು ನಡುವಿಗೆ ತರಲು ಸೀಳದಂತೆ ಎಬ್ಬಿಸುವುದು ಹಾವಿನ ಹುತ್ತಕ್ಕೆ ಕೈ ಹಾಕಿದಂಥ ಕೆಲಸ. ಬೇರೆ ಹಲಗೆಯಿಲ್ಲ, ಅಂಗಡಿಯಲ್ಲಿ ಸಿಗುವಂಥದ್ದೂ ಅಲ್ಲ. ಮರದ ಬೆಣೆ ತೂರಿಸಿ, ಒಂದೊಂದೇ ಮೊಳೆ ಸಡಿಲಿಸುತ್ತಾ ಬರುವಾಗ ಎರಡನೆಯ ಹಲಗೆಯ ತುದಿ 'ಟಪ್' ಎನ್ನುತ್ತದೆ. ನಾದಿನಿ ಬಾಯಿಗೆ ಕೈ ಹಿಡಿಯುತ್ತಾರೆ. ಪಾಲಿಶಕ್ಕ ನೀರು ಕುಡಿದು, ಬಿರುಕಿನವರೆಗೆ ಅಳೆಯುತ್ತಾರೆ. ಸೀಳಿದಷ್ಟನ್ನು ಕತ್ತರಿಸಿದರೂ ಉಳಿದದ್ದು ನಡುವಿನ ಜಾಗಕ್ಕೆ ಸಾಕು. ಕಪ್ಪು ಹಲಗೆಗಳು ಬೀರುವಿನೊಳಗೆ ಸೇರುತ್ತವೆ. "ಎಸೆಯೋದ್ಯಾಕೆ? ಅವೂ ಈ ಮನೆಯವೇ," ಎನ್ನುತ್ತಾರೆ.

ಕೂರಿಸಿದ ಹಲಗೆಗಳನ್ನು ಸುತ್ತಲಿನ ಮಟ್ಟಕ್ಕೆ ಕೈಯಲ್ಲೇ ಉಜ್ಜಿ, ಆ ಮರದ್ದೇ ಪುಡಿಯನ್ನು ಅಂಟಿನಲ್ಲಿ ಕಲೆಸಿ ಸಂದು ತುಂಬಿದ ಮಾರನೆಯ ದಿನ ಅವರ ಗಂಡ ಬರುತ್ತಾರೆ. ತಂಗಿಯ ಭುಜ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲದ ಮೇಲೆ ಜಾರಿಸುತ್ತಾ ಕೋಣೆಯ ಆ ತುದಿಯವರೆಗೂ ಹೋಗಿ ಬರುತ್ತಾರೆ. ಮತ್ತೊಮ್ಮೆ ಹೋಗುತ್ತಾರೆ.

"ಎಲ್ಲಿ, ಸೇರಿಸಿದೆ?"

"ಹುಡುಕಿ."

ಬಗ್ಗಿ ಎಡಗೈಯಿಂದ ಸವರಿ ನೋಡುತ್ತಾರೆ. ಹೆಂಡತಿ ತೋರಿಸಲೆಂದು ಮುಂದೆ ಬಂದಾಗ ಅದೇ ಕೈ ಎತ್ತಿ ತಡೆಯುತ್ತಾರೆ. "ಹೇಳ್ಬೇಡ. ಗೊತ್ತಾಗದೇ, ಇರ್ಲಿ."

ಪಾಲಿಶಕ್ಕ ಕಿಟಕಿಯ ಕಡೆ ತಿರುಗಿ, ಆಗಲೇ ಶುಚಿಯಾಗಿದ್ದ ಚೌಕಟ್ಟನ್ನು ಒರೆಸತೊಡಗುತ್ತಾರೆ.

ಕೊನೆಯದು ಎಣ್ಣೆಯ ಕೆಲಸ. ಒಳಗಿನ ಮೂಲೆಯಿಂದ ಬಾಗಿಲಿನತ್ತ ಹಿಂದಕ್ಕೆ ಸರಿಯುತ್ತಾ ಇಬ್ಬರೂ ಬಟ್ಟೆಯಿಂದ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಒರೆಸುತ್ತಾರೆ. ಕೈಯಾಡಿದಲ್ಲೆಲ್ಲ ಮರದ ಗೆರೆಗಳು ಅರಳುತ್ತವೆ. ಎಣ್ಣೆಬಟ್ಟೆಗಳನ್ನು ಹಿತ್ತಲಿನ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರವುತ್ತಾರೆ. ಮುದ್ದೆ ಮಾಡಿ ಬಿಟ್ಟರೆ ತಾವಾಗಿಯೇ ಹೊತ್ತಿಕೊಳ್ಳುತ್ತವಂತೆ.

ಸಂಜೆ ನರ್ಸ್ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ ನಿಂತುಬಿಡುತ್ತಾರೆ. ಮಕ್ಕಳಿಬ್ಬರೂ ಅಮ್ಮನ ಸೊಂಟದ ಎರಡೂ ಬದಿಯಿಂದ ಇಣುಕುತ್ತಾರೆ. "ಇದಕ್ಕೆ ಗೋಡೆಯಿಂದ ಗೋಡೆಗೆ ಬರೋಂಥ ಒಂದು ಒಳ್ಳೇ ಜಮಖಾನ ತೆಗೆದಿಟ್ಟಿದೀನಿ," ಎನ್ನುತ್ತಾರೆ ಆಕೆ, ಖುಷಿಯಲ್ಲಿ.

"ಎರಡು ವಾರ ಏನೂ ಹಾಸ್ಬೇಡಿ," ಎನ್ನುತ್ತಾರೆ ಪಾಲಿಶಕ್ಕ, ಗಂಭೀರವಾಗಿ.

ಮನೆಯಾಚೆ ಬಂದಮೇಲೆ ಕೇಳುತ್ತೇನೆ: ಎಣ್ಣೆ ಒಣಗಲು ಅಷ್ಟು ದಿನ ಬೇಕೇ? ಅವರು ಯಂತ್ರವನ್ನು ಗಾಡಿಗೆ ಏರಿಸಿ, ಹಗ್ಗ ಬಿಗಿದು, ಗಂಟು ಎಳೆದು ನೋಡುತ್ತಾರೆ.

"ಒಂದು ವಾರ ಎಣ್ಣೆಗೆ," ಎನ್ನುತ್ತಾರೆ. "ಇನ್ನೊಂದು ನನಗೆ."