ತಮ್ಮನಿಗೆ ಹಾಕದ ಎಲೆ

ಆಚೆಮನೆಯವಳ ಎಡಗಿವಿಯ ಹಾಲೆ ಓಲೆಯ ಭಾರಕ್ಕೆ ಹರಿದು ಎರಡಾಗಿತ್ತು. ಟಿ.ವಿ. ನೋಡುವಾಗ ಆ ಎರಡು ಚೂರನ್ನು ಬೆರಳಿನಲ್ಲಿ ಸೇರಿಸಿ ಹಿಡಿದುಕೊಂಡೇ ಕೂರುತ್ತಿದ್ದಳು. ನಮ್ಮ ಊರು ನರಿಕೊಂಬಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಬೇಲಿ. ವರ್ಷಕ್ಕೊಮ್ಮೆ ಸಿನೆಮಾದವರಿಗೆ ಪ್ರಶಸ್ತಿ ಕೊಡುವ ಕಾರ್ಯಕ್ರಮ ಬಂದರೆ ಅವಳು ನಮ್ಮಲ್ಲಿ ಹಾಜರು.

ಬಂದವಳು ಸುಮ್ಮನೆ ಕೂರುವವಳಲ್ಲ. “ಇವಳ ಸೆರಗು ನೋಡು, ಹಿಂದಿನಿಂದ ಅಂಗಳ ಗುಡಿಸಿಕೊಂಡು ಬರ್ತಾ ಉಂಟು.” ಅಳುತ್ತಾ ಭಾಷಣ ಮಾಡಿದ ನಾಯಕನಿಗೆ, “ಕೊಟ್ಟದ್ದಕ್ಕೇ ಅಳ್ತಾನಲ್ಲ ಮಾರಾಯ್ತಿ, ಕೊಡದಿದ್ದರೆ ಏನು ಮಾಡ್ತಿದ್ದ?” ನಾನೂ ಬೈಯುತ್ತಿದ್ದೆ. ಬೈಯಲಿಕ್ಕೇ ನೋಡುತ್ತಿದ್ದದ್ದು.

ಆ ವರ್ಷ ತೀರಿಹೋದ ಕಲಾವಿದರ ಫೋಟೋ ತೋರಿಸುವಾಗ ಮಾತ್ರ ಅವಳ ಬಾಯಿ ಮುಚ್ಚುತ್ತಿತ್ತು. ಅವಳ ತಮ್ಮ ಮೀಸೆ ಬರುವ ಪ್ರಾಯದಲ್ಲಿ ಸಿನೆಮಾ ಸೇರುತ್ತೇನೆಂದು ಮನೆ ಬಿಟ್ಟವನು. ಯಾವುದೋ ಚಿತ್ರದ ಮದುವೆಯ ಗುಂಪಿನಲ್ಲಿ ಒಮ್ಮೆ ಕಂಡಿದ್ದನಂತೆ. ಆಮೇಲೆ ಸುದ್ದಿಯಿಲ್ಲ. ಫೋಟೋಗಳು ಮುಗಿದ ಕೂಡಲೇ ಅವಳು, “ಅವನದ್ದು ಬರಲಿಲ್ಲ. ಇದ್ದಾನೆ,” ಎಂದು ಎದ್ದು ಹೋಗುತ್ತಿದ್ದಳು. ಆಟಿ ತಿಂಗಳಲ್ಲಿ ನಮ್ಮ ಕಡೆ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸುತ್ತಾರೆ. ತಮ್ಮನಿಗೆ ಎಲೆ ಹಾಕಲು ಅವಳು ಬಿಟ್ಟವಳಲ್ಲ.

“ಅಮ್ಮಾ, ಅಲ್ಲಿ ದೊಡ್ಡ ನಟರದ್ದು ಮಾತ್ರ ತೋರಿಸುವುದು,” ಎಂದ ಒಮ್ಮೆ ಅವಳ ಮಗ.

“ಸತ್ತ ಮೇಲೆ ದೊಡ್ಡವ ಸಣ್ಣವ ಉಂಟಾ?”

ಒಂದು ವರ್ಷ, ಕಾರ್ಯಕ್ರಮ ಉದ್ದವಾಯಿತು, ಬೋರು ಎಂದು ಜನ ಮೊಬೈಲಿನಲ್ಲೂ ಪೇಪರಿನಲ್ಲೂ ಬೈದರಂತೆ. ಮುಂದಿನ ಸಲ ಚಾನೆಲಿನವರು ಸತ್ತವರ ಭಾಗವನ್ನೇ ಕತ್ತರಿಸಿದರು. ಕುಣಿತ, ಸೀದಾ ಜಾಹೀರಾತು. ಅವಳು ಕಾದಳು. ಮತ್ತೆ ಕುಣಿತ.

“ನಾವು ಬೈದದ್ದು ಅವರಿಗೆ ಕೇಳಿತಾ?” ಎಂದಳು. ನನಗೆ ನಗು ಬರಲಿಲ್ಲ.

ಆ ಆಟಿಯಲ್ಲಿ ಅವಳು ತಮ್ಮನಿಗೂ ಎಲೆ ಹಾಕಿದಳು. ಉಳಿದವರ ಸಾಲಿನಿಂದ ಒಂಚೂರು ದೂರದಲ್ಲಿ. ಹಾಕಿದಳು, ಬಡಿಸಲಿಲ್ಲ. ಎಷ್ಟೋ ಹೊತ್ತು ಅನ್ನದ ಪಾತ್ರೆ ಹಿಡಿದು ನಿಂತು, ಕಡೆಗೆ ಎಲೆಯನ್ನು ಮಡಚಿ ತೆಗೆದಳು.

ಮುಂದಿನ ಆಟಿಯ ಮೊದಲು ಅವಳೇ ಹೋದಳು. ಈ ಸಲ ಅವಳಿಗೆ ಎಲೆ ಹಾಕುವಾಗ ಮಗ ನನ್ನನ್ನು ಕೇಳಿದ:

“ದೊಡ್ಡಮ್ಮ, ಮಾವನಿಗೂ ಹಾಕುವುದಾ?”

“ಬೇಡ. ಅವನ ಎಲೆ ಕಂಡರೆ ನಿನ್ನ ಅಮ್ಮ ಉಣ್ಣದೆ ಎದ್ದು ಹೋಗ್ತಾಳೆ.”

ಬಡಿಸಿ, ಸತ್ತವರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು. ತಮ್ಮ ಆ ಕಡೆ ಸೇರಿದ್ದಾನಾ ಇಲ್ಲವಾ ಎಂದು ಅವಳಿಗೆ ಈಗ ಗೊತ್ತು. ಬಾಗಿಲ ಆಚೆಯಿಂದ ಹೇಳುವುದಿಲ್ಲ ಅಷ್ಟೆ.