ಕುಣಿಗಲ್ ಬಸ್ಸಿನ ಸಾಕ್ಷಿ

ಕುಣಿಗಲ್‌ನಿಂದ ತುಮಕೂರಿಗೆ ನಾನು ವಾರವಾರ ಹೋಗುವ ಬಸ್ಸಿನ ಟೀವಿಯಲ್ಲಿ ಒಂದು ಪತ್ತೇದಾರಿ ಧಾರಾವಾಹಿ ಹಾಕುತ್ತಾರೆ. ಹೋಗುವಾಗ ಒಂದು ಕಂತು, ಬರುವಾಗ ಮುಂದಿನದು. ಸೌಂಡ್ ಇರುವುದಿಲ್ಲ, ಮಾತು ಕೆಳಗೆ ಅಕ್ಷರಗಳಲ್ಲಿ ಬರುತ್ತದೆ.

ಅವತ್ತು ಪಕ್ಕದಲ್ಲಿದ್ದ ಹೆಂಗಸು, "ಅಜ್ಜಿ, ನಂಗೆ ಓದಕ್ಕೆ ಬರಲ್ಲ, ಒಸಿ ಓದಿ ಹೇಳಿ" ಅಂದಳು. ಓದಿದೆ. ನನ್ನ ಕಾರವಾರದ ಕನ್ನಡಕ್ಕೆ ನಗುತ್ತಾ ಕೇಳಿದಳು. ಕೊಲೆ ಕಣ್ಣಾರೆ ಕಂಡಿದ್ದ ಹಾಲಿನವಳು ಕೋರ್ಟಿಗೆ ಹೊರಟಲ್ಲಿಗೆ ಕಂತು ಮುಗಿಯಿತು.

ಅವಳ ನಗುವೂ ನಿಂತಿತು. "ಅವಳನ್ನ ಸುಮ್ನೆ ಬುಟ್ಬುಡ್ತಾರಾ ಅಜ್ಜಿ?" ಕೈಯಲ್ಲಿದ್ದ ಸಮನ್ಸ್ ಕಾಗದ ಬೆವರಿಗೆ ಒದ್ದೆಯಾಗಿತ್ತು. "ನಮ್ಮೂರ ಸಾಹುಕಾರ್ರ ಮಗ ಒಬ್ಬನ್ನ ಹೊಡೆದಿದ್ದು ನಾನೇ ನೋಡಿದೀನಿ. ಇವತ್ತು ಹೇಳ್ಬೇಕು. ಹೇಳ್ಬೇಡ ಅಂತ ಮನೆ ಹತ್ರ ಬಂದಿದ್ರು."

ಅವೇ ಕಂತುಗಳನ್ನು ತಿರುಗಿಸಿ ಹಾಕುವುದರಿಂದ ಮುಂದಿನದನ್ನು ನಾನು ನೋಡಿಯಾಗಿತ್ತು. ಹಾಲಿನವಳ ಹೆಣ ಕೆರೆಯಲ್ಲಿ ತೇಲುತ್ತದೆ.

ಬಸ್ಸು ಸ್ಟ್ಯಾಂಡಿಗೆ ಬಂತು. ಅವಳು ಏಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಬದುಕ್ತಾಳೆ ಮಾರಾಯ್ತಿ, ನಾನು ನೋಡಿದ್ದೇನೆ" ಅಂದೆ. ಸೆರಗು ಬಿಗಿದು ಇಳಿದು ಹೋದಳು. ಒಂದು ವಾರ ನನಗೆ ಊಟ ಸೇರಲಿಲ್ಲ.

ಮುಂದಿನ ವಾರ ಅದೇ ಬಸ್ಸು ಹತ್ತಿ ನನ್ನ ಪಕ್ಕಕ್ಕೇ ಬಂದು ಕೂತಳು.

"ಕೋರ್ಟಲ್ಲಿ ಎಲ್ಲಾ ಹೇಳ್ಬಂದೆ. ನೀವೇ ಸುಳ್ಳು ಹೇಳಿದ್ರಿ ಕಣಜ್ಜಿ. ವಾಪಸ್ ಬರೋವಾಗ ನೋಡ್ದೆ. ಹೆಣ ನೋಡಕ್ಕೆ ಓದು ಬೇಕಾ?"

ಅವಳು ಟೀವಿ ಕಡೆ ಕೈ ತೋರಿಸಿದಳು.

"ಇವತ್ತಾದ್ರೂ ಇದ್ದದ್ದು ಇದ್ದಂಗೆ ಓದಿ."