ಉಸ್ಮಾನಾಕ ಕೊಟ್ಟ ಗೇರ್‌ಬಾಕ್ಸ್

ಕೊರೊನಾದ ಗಲಾಟೆ ಮುಗಿದು ದುಬೈಯ ಹೋಟೆಲುಗಳೆಲ್ಲ ಮತ್ತೆ ತುಂಬಿಕೊಂಡ ಚಳಿಗಾಲ ಅದು. ನಾನು ಆಗ ಜೆಬೆಲ್ ಅಲಿ ಕಡೆಯ ಒಂದು ದೊಡ್ಡ ಲಾಂಡ್ರಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಲಾಂಡ್ರಿ ಎಂದರೆ ನಮ್ಮೂರಿನ ಇಸ್ತ್ರಿ ಅಂಗಡಿಯಂಥದ್ದಲ್ಲ. ಹೋಟೆಲುಗಳ ಹಾಸಿಗೆ ಬಟ್ಟೆ, ಟವೆಲುಗಳು ಲಾರಿಗಟ್ಟಲೆ ಬಂದು, ಒಗೆದು, ಒಣಗಿ, ಮಡಚಿ ಅದೇ ದಿನ ವಾಪಸ್ ಹೊರಡಬೇಕಾದ ಕಾರ್ಖಾನೆ. ಬೇರಿಂಗಿಗೆ ಗ್ರೀಸ್ ಹಾಕುವುದು, ಬೆಲ್ಟ್ ಬಿಗಿ ಮಾಡುವುದು, ಡ್ರೈಯರಿನ ಜಾಲರಿಯಲ್ಲಿ ತುಂಬಿಕೊಂಡ ನೂಲಿನ ಧೂಳು ತೆಗೆಯುವುದು ನನ್ನ ಕೆಲಸ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ನಾನೊಬ್ಬ ಅಲ್ಲಿ ಇದ್ದೇನೆ ಎಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಶೀಟುಗಳಿಗೆ ಇಸ್ತ್ರಿ ಹಾಕುವ ನಮ್ಮ ರೋಲರ್ ಮೆಷಿನ್ ನಿಂತುಹೋಯಿತು. ಒದ್ದೆ ಶೀಟು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಗರಿಗರಿಯಾಗಿ ಹೊರಬರುವ, ಕೋಣೆಯಷ್ಟು ದೊಡ್ಡ ಯಂತ್ರ. ಬಿಚ್ಚಿ ನೋಡಿದರೆ ರೋಲರ್ ತಿರುಗಿಸುವ ಗೇರ್‌ಬಾಕ್ಸಿನ ಹಲ್ಲುಗಳೇ ಮುರಿದಿದ್ದವು. ಹಳೆಯ ಮಾಡೆಲ್, ಯುರೋಪಿನಿಂದ ತರಿಸಬೇಕು, ವಾರಗಟ್ಟಲೆ ಹಿಡಿಯುತ್ತದೆ ಎಂದರು ಏಜೆಂಟರು. ಅಷ್ಟರಲ್ಲಿ ಒದ್ದೆ ಶೀಟುಗಳ ಟ್ರಾಲಿಗಳು ಬಾಗಿಲವರೆಗೆ ಸಾಲುಗಟ್ಟಿದ್ದವು. ಹೋಟೆಲುಗಳಿಂದ ಫೋನಿನ ಮೇಲೆ ಫೋನು. ಮುಂಬೈ ಕಡೆಯ ನಮ್ಮ ಮ್ಯಾನೇಜರರ ಮುಖ ನೋಡುವ ಹಾಗಿರಲಿಲ್ಲ.

ಆಗ ನೆನಪಾದವರು ಉಸ್ಮಾನಾಕ. ನಮ್ಮ ಕರಾವಳಿಯ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು. ದುಬೈಯಿಂದ ಒಂದೂವರೆ ಗಂಟೆ ದಾರಿಯ ಅಲ್ ಐನ್‌ನಲ್ಲಿ ಒಂದು ಖಾಸಗಿ ಆಸ್ಪತ್ರೆಯ ಬಟ್ಟೆ ಒಗೆಯುವ ಸಣ್ಣ ಲಾಂಡ್ರಿ ಇಟ್ಟುಕೊಂಡಿದ್ದರು. ದುಬೈಯ ಊದ್ ಮೇಥಾದಲ್ಲಿ ನಡೆದ ಊರವರ ಕೂಟವೊಂದರಲ್ಲಿ ಒಮ್ಮೆ ಊಟಕ್ಕೆ ಪಕ್ಕದಲ್ಲಿ ಕೂತದ್ದು, ಇಬ್ಬರಲ್ಲೂ ಇರುವುದು ಒಂದೇ ಮಾಡೆಲಿನ ರೋಲರ್ ಮೆಷಿನ್ ಎಂದು ತಿಳಿದು ತುಂಬಾ ಹೊತ್ತು ಅದರ ಕಷ್ಟಸುಖ ಮಾತಾಡಿಕೊಂಡದ್ದು, ಅಷ್ಟೇ ಪರಿಚಯ. ಊರಿನಲ್ಲಿ ಹಿರಿಯ ಬ್ಯಾರಿಗಳನ್ನು ಹೆಸರಿಗೆ ‘ಆಕ’ ಸೇರಿಸಿ ಕರೆಯುವಂತೆ ನಾನೂ ಅವರನ್ನು ಉಸ್ಮಾನಾಕ ಎಂದೇ ಕರೆದಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಫೋನ್ ಮಾಡಿದಾಗ ಅವರು ಮರುಮಾತಾಡದೆ ಗಾಡಿ ತೆಗೆದುಕೊಂಡು ಬಾ ಎಂದರು. ಹೋಗಿ ನೋಡಿದರೆ ಅವರಲ್ಲಿ ಅಂಥ ಎರಡು ಮೆಷಿನ್‌ಗಳಿದ್ದವು. ಒಂದು ಓಡುತ್ತಿತ್ತು. ಕೆಲಸ ಹೆಚ್ಚಾದರೆ ಬೇಕಾಗುತ್ತದೆಂದು ತಂದಿಟ್ಟ ಇನ್ನೊಂದು, ಕೊರೊನಾದಿಂದಾಗಿ ಶುರುವಾಗದೆ ಟಾರ್ಪಾಲಿನ ಅಡಿಯಲ್ಲಿ ನಿಂತಿತ್ತು. ಅವರೇ ಟಾರ್ಪಾಲು ಎಳೆದು, ಪಾನಾ ಕೈಗೆತ್ತಿಕೊಂಡು ನನ್ನ ಜೊತೆ ಕೂತರು. ಗೇರ್‌ಬಾಕ್ಸ್ ಬಿಚ್ಚಿ ವ್ಯಾನಿಗೆ ಏರಿಸುವಾಗ ಒಂದೇ ಮಾತು ಹೇಳಿದರು:

"ಹೊಸದು ಬಂದ ಕೂಡಲೇ ತಂದುಕೊಡು ಸದಾನಂದ. ಇದೊಂದು ಇಲ್ಲಿ ಇದ್ದರೆ ನನಗೆ ಧೈರ್ಯ."

ನಾನು ತಂದುಕೊಡುತ್ತೇನೆ ಎಂದೆ. ನಮ್ಮ ಮೆಷಿನ್ ಮರುದಿನವೇ ಓಡಿತು. ಮ್ಯಾನೇಜರ್ ಎಲ್ಲರ ಎದುರಿಗೆ ನನ್ನ ಬೆನ್ನು ತಟ್ಟಿದರು.

ಹೊಸ ಗೇರ್‌ಬಾಕ್ಸ್ ಬಂದಾಗ ಸೀಸನ್ ಇನ್ನೂ ಜೋರಿತ್ತು. ಉಸ್ಮಾನಾಕರದ್ದು ಚೆನ್ನಾಗಿ ಓಡುತ್ತಿದೆ, ಅದನ್ನು ಬಿಚ್ಚಲು ಅರ್ಧ ದಿನ ಮೆಷಿನ್ ನಿಲ್ಲಿಸುವುದು ಬೇಡ ಎಂದರು ಮ್ಯಾನೇಜರ್. ಹಾಗಾದರೆ ಹೊಸದನ್ನೇ ಅವರಿಗೆ ಕೊಟ್ಟುಬಿಡೋಣ ಎಂದೆ. ನಮ್ಮದು ಮತ್ತೆ ಕೆಟ್ಟರೆ ಏನು ಮಾಡುತ್ತೀ, ಸ್ಟೋರಿನಲ್ಲಿ ಇರಲಿ, ಸ್ವಲ್ಪ ಬಿಡುವಾದ ಮೇಲೆ ನೋಡೋಣ ಎಂದರು. ಮತ್ತೆ ಕೇಳಿದಾಗಲೂ ಅದೇ ಉತ್ತರ. ಅವರು ಕೆಟ್ಟ ಮನುಷ್ಯರಲ್ಲ. ಮೆಷಿನ್ ನಿಂತ ಆ ದಿನಗಳಲ್ಲಿ ಹೋಟೆಲಿನವರ ಬೈಗುಳ ಕೇಳಿದವರು ಅವರು. ಆ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ. ಉಸ್ಮಾನಾಕ ಮಾತ್ರ ಒಮ್ಮೆಯೂ ಫೋನ್ ಮಾಡಿ ಕೇಳಲಿಲ್ಲ.

ಅವರ ಫೋನ್ ಬಂದದ್ದು ಅವರ ಓಡುವ ಮೆಷಿನ್ ನಿಂತಾಗ. ಅದರಲ್ಲೂ ಗೇರ್‌ಬಾಕ್ಸಿನ ಹಲ್ಲುಗಳೇ ಮುರಿದಿದ್ದವು. ಆಸ್ಪತ್ರೆಯ ಶೀಟು ಕಾಯುವಂಥದ್ದಲ್ಲ. ನಾನು ಓಡಿ ಮ್ಯಾನೇಜರರ ಕೋಣೆಗೆ ಹೋದೆ. ಅವರು, ಮುಂದಿನ ವಾರ ದೊಡ್ಡ ಎಕ್ಸಿಬಿಷನ್ ಇದೆ, ಎಲ್ಲ ಹೋಟೆಲು ಫುಲ್, ಅದು ಮುಗಿಯಲಿ, ಆಮೇಲೆ ತೆಗೆದುಕೊಂಡು ಹೋಗು ಎಂದರು. ಆಮೇಲೆ ಕೊಟ್ಟರೆ ಅವರಿಗೇನು ಪ್ರಯೋಜನ ಸರ್ ಎಂದೆ.

ಹೊರಗೆ ಬಂದು ಉಸ್ಮಾನಾಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಸದು ಸ್ಟೋರಿನಲ್ಲಿ ಇದೆ, ಆದರೆ ಕೊಡಲು ಬಿಡುತ್ತಿಲ್ಲ ಎಂದು. ನೀನು ಸಂಬಳಕ್ಕೆ ದುಡಿಯುವವನು, ನಿನಗೆ ಕಷ್ಟವಾಗುವುದು ಬೇಡ, ಬೇರೆ ಏನಾದರೂ ನೋಡುತ್ತೇನೆ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ರಜೆಯ ದಿನ ನನ್ನ ಟೂಲ್ ಬಾಕ್ಸ್ ಮಾತ್ರ ಹಿಡಿದು ಬಸ್ಸಿನಲ್ಲಿ ಅಲ್ ಐನ್‌ಗೆ ಹೋದೆ. ಅವರಲ್ಲಿ ಕೆಲಸಕ್ಕಿದ್ದ ಹುಡುಗಿಯರು, ಶ್ರೀಲಂಕಾ ಮತ್ತು ನೇಪಾಳದವರು, ಕೈ ಇಸ್ತ್ರಿಪೆಟ್ಟಿಗೆಯಲ್ಲಿ ಒಂದೊಂದೇ ಶೀಟಿಗೆ ಇಸ್ತ್ರಿ ಹಾಕುತ್ತಿದ್ದರು. ಹಾಗೆ ಹಾಕಿ ಮುಗಿಯುವ ರಾಶಿ ಅದಲ್ಲ. ಉಸ್ಮಾನಾಕ ಸನಾಯಿಯಾ ಎನ್ನುವ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಲೇತಿನಿಂದ ಹೊಸ ಗೇರು ಕಡೆಸಿ ತಂದಿದ್ದರು. ಇಬ್ಬರೂ ಸೇರಿ ಕೂರಿಸಿದೆವು. ಮಧ್ಯಾಹ್ನ ನನಗಾಗಿಯೇ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ಮಾಡಿಸಿದ್ದರು.

ಸಂಜೆ ಸ್ವಿಚ್ ಒತ್ತಿದಾಗ ರೋಲರ್ ತಿರುಗಿತು. ಮೊದಲ ಶೀಟು ಆ ಕಡೆಯಿಂದ ಹೊರಬಂದಾಗ ಹುಡುಗಿಯರು ನಕ್ಕರು. ಉಸ್ಮಾನಾಕ ಅಲ್‌ಹಮ್ದುಲಿಲ್ಲಾ ಎಂದು ಎದೆ ಮುಟ್ಟಿಕೊಂಡರು. ಇನ್ನೂ ಕೆಲವು ಶೀಟು ಹೋಗಿರಬೇಕು, ಒಳಗಿನಿಂದ ಕಲ್ಲು ಅರೆದಂಥ ಸದ್ದು ಶುರುವಾಯಿತು. ಕಡೆಸಿದ ಗೇರಿನ ಹಲ್ಲು ಹಳೆಯದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ನಾನು ಬಿಚ್ಚಿ ಮತ್ತೊಮ್ಮೆ ನೋಡುತ್ತೇನೆ ಎಂದೆ. ಅವರೇ ಹೋಗಿ ಸ್ವಿಚ್ ಆಫ್ ಮಾಡಿದರು.

"ಖಲಾಸ್, ಸದಾನಂದ. ಇನ್ನು ಅದಕ್ಕೆ ಹಿಂಸೆ ಕೊಡುವುದು ಬೇಡ. ನೀನು ಕೈ ತೊಳಿ, ಬಸ್ಸು ತಪ್ಪುತ್ತದೆ."

ಆಸ್ಪತ್ರೆಯವರು ಕೆಲವು ದಿನ ಕಾದು, ಕೆಲಸವನ್ನು ಬೇರೆ ಲಾಂಡ್ರಿಗೆ ಕೊಟ್ಟರು. ಅದೊಂದೇ ಆಸ್ಪತ್ರೆಯನ್ನು ನಂಬಿದ್ದ ಲಾಂಡ್ರಿ ಹೆಚ್ಚು ದಿನ ನಡೆಯಲಿಲ್ಲ. ಹುಡುಗಿಯರಿಗೆ ಅಲ್ಲಿ ಇಲ್ಲಿ ಕೆಲಸ ಹುಡುಕಿಕೊಟ್ಟ ಮೇಲೆ ಉಸ್ಮಾನಾಕ ಬಾಗಿಲು ಹಾಕಿದರು. ಬೇಸಿಗೆಯಲ್ಲಿ ಹೋಟೆಲುಗಳು ಖಾಲಿಯಾದಾಗ ನಮ್ಮ ಮ್ಯಾನೇಜರರೇ ನನ್ನನ್ನು ಕರೆದು, ಆ ಗೇರ್‌ಬಾಕ್ಸ್ ಈಗ ಬೇಕಿದ್ದರೆ ಕೊಟ್ಟು ಬಾ ಎಂದರು. ಆ ಹೊತ್ತಿಗೆ ಉಸ್ಮಾನಾಕರ ಎರಡೂ ಮೆಷಿನ್‌ಗಳು ಗುಜರಿಗೆ ಹೋಗಿದ್ದವು. ಅವರೂ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋಗಿಯಾಗಿತ್ತು. ನಾನು ಹೇಳಿದ್ದನ್ನು ಕೇಳಿ ಮ್ಯಾನೇಜರ್ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಆ ವರ್ಷವೇ ನಾನು ಆ ಕೆಲಸ ಬಿಟ್ಟೆ.

ಕಳೆದ ಸಲ ರಜೆಯಲ್ಲಿ ಊರಿಗೆ ಹೋದಾಗ ಧೈರ್ಯ ಮಾಡಿ ಉಪ್ಪಿನಂಗಡಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವರು ಅಂಗಳದಲ್ಲಿ ಮೊಮ್ಮಗನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಒಳಗಿನಿಂದ ಹೆಂಡತಿಯನ್ನು ಕರೆದು ಹೇಳಿದರು:

"ನಾನು ಹೇಳ್ತಿದ್ದೆನಲ್ಲ, ಮೆಷಿನ್ ನಿಂತಾಗ ರಜೆ ಬಿಟ್ಟು ಅಲ್ ಐನ್‌ವರೆಗೆ ಬಂದ ಹುಡುಗ, ಇವನೇ."

ಅವರ ಹೆಂಡತಿ, ನನ್ನಿಂದ ಎಷ್ಟೋ ಉಪಕಾರವಾಯಿತು ಎನ್ನುವಂತೆ ತಲೆಬಾಗಿ, ಚಹಾ ತರಲು ಒಳಗೆ ಹೋದರು. ನಾನು ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಆ ಮನೆಯಲ್ಲಿ ನನ್ನ ಹೆಸರಿನಲ್ಲಿ ಉಳಿದದ್ದು ನಾನು ಅಲ್ ಐನ್‌ಗೆ ಹೋದದ್ದು ಮಾತ್ರ, ಬರಿಗೈಯಲ್ಲಿ ಹೋದದ್ದಲ್ಲ.

ಈಗ ಬೇರೊಂದು ಲಾಂಡ್ರಿಯಲ್ಲಿ ಮೆಂಟೆನೆನ್ಸ್ ನನ್ನ ಜವಾಬ್ದಾರಿ. ಯಾರಿಂದಲಾದರೂ ಒಂದು ಸಣ್ಣ ಬೆಲ್ಟ್ ತಂದರೂ ಅದು ವಾಪಸ್ ಹೋಗುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ. ಜೊತೆಯವರು ಅದನ್ನು ಶಿಸ್ತು ಎನ್ನುತ್ತಾರೆ. ಆ ದಿನ ಉಪ್ಪಿನಂಗಡಿಯಲ್ಲಿ ಉಸ್ಮಾನಾಕ ನನಗೆ ಒಂದು ಮಾತು ಬೈದಿದ್ದರೂ ಸಾಕಿತ್ತು, ಇಷ್ಟು ಭಾರವಾಗುತ್ತಿರಲಿಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ.